ಕುಂಟುವ ಕುರಿಯ ಬಾಯಿ ಮೊದಲು ನೋಡಿ

ಮಳೆ ಹಿಡಿದು ವಾರ ಕಳೆಯುವುದೇ ತಡ, ನನಗೆ ಬರುವ ಫೋನುಗಳಲ್ಲಿ ಒಂದೇ ಪ್ರಶ್ನೆ: "ಕುರಿ ಕುಂಟಾಕತ್ಯಾವ್ರಿ, ಯಾವ ಸೂಜಿ ಹಾಕಸ್ಬೇಕು?" ಕೇಳುವವರು ಕುಷ್ಟಗಿಯವರಿರಬಹುದು, ಯಲಬುರ್ಗಾ ಕಡೆಯವರಿರಬಹುದು, ಗಂಗಾವತಿಯ ಗದ್ದೆ ಬಯಲಿನಲ್ಲಿ ಹಟ್ಟಿ ಹಾಕಿಕೊಂಡು ಕೂತವರಿರಬಹುದು. ಕುಂಟುತ್ತಿದೆ ಎಂದಮೇಲೆ ಅದು ಗೊರಸು ಕೊಳೆ ರೋಗವೇ ಎಂದು ಎಲ್ಲರೂ ಮೊದಲೇ ತೀರ್ಮಾನಿಸಿರುತ್ತಾರೆ. ಬೇಕಾಗಿರುವುದು ಔಷಧದ ಹೆಸರು ಮಾತ್ರ. ನಾನು ತಿರುಗಿ ಮೂರು ಮಾತು ಕೇಳುತ್ತೇನೆ. ಬಾಯಿ ತೆರೆದು ನೋಡಿದಿರಾ? ಜ್ವರ ಇದೆಯಾ? ಕಳೆದ ಹದಿನೈದು ದಿನ ಕುರಿ ಎಲ್ಲೆಲ್ಲಿ ಅಡ್ಡಾಡಿವೆ? ಕಾಲಿನ ಬಗ್ಗೆ ಕೇಳಿದರೆ ಇವರು ಬಾಯಿಯ ಸುದ್ದಿ ತೆಗೆದರಲ್ಲ ಎಂದು ಕೆಲವರಿಗೆ ಬೇಸರವಾಗುತ್ತದೆ. ಆದರೆ ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಕುಂಟುವ ಕುರಿಯನ್ನು ಪರೀಕ್ಷಿಸುವ ಕ್ರಮ ಇದೇ ಇರಬೇಕು: ಮೊದಲು ಬಾಯಿ, ಆಮೇಲೆ ಜ್ವರ, ಕೊನೆಗೆ ಗೊರಸು. ಈ ಭಾಗದ ಪಶು ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ದುಡಿದವನಾಗಿ ಇದನ್ನು ಗಟ್ಟಿಯಾಗಿ ಹೇಳುತ್ತೇನೆ.

ಮೂರನೆಯ ಪ್ರಶ್ನೆಯಿಂದಲೇ ಶುರು ಮಾಡೋಣ, ಯಾಕೆಂದರೆ ಅರ್ಧ ರೋಗನಿರ್ಣಯ ಅಲ್ಲೇ ಇದೆ. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಈ ಜಿಲ್ಲೆ ಆಡಳಿತಕ್ಕೆ ಒಂದೇ ಆದರೂ ಕುರಿಯ ಕಾಲಿಗೆ ಎರಡು ಸೀಮೆ. ಕುಷ್ಟಗಿಯದು ಬಹುಪಾಲು ಮಸಾರಿ, ಕಲ್ಲು, ಕುರುಚಲು. ಯಲಬುರ್ಗಾ, ಕುಕನೂರಿನ ಕಡೆ ಎರೆ. ವರ್ಷವಿಡೀ ಬಿದ್ದರೂ ಮಳೆ 600 ಮಿ.ಮೀ. ಆಸುಪಾಸು; ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರಿನಲ್ಲಿ. ಗಂಗಾವತಿ, ಕಾರಟಗಿ, ಶ್ರೀರಾಮನಗರದ ಸುತ್ತ ಮಾತ್ರ ಬೇರೆಯೇ ಲೋಕ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಎತ್ತ ನೋಡಿದರೂ ಭತ್ತ, ಕೊಯ್ಲಾದ ಮೇಲೂ ಒಣಗದ ಬದು, ಕಾಲುವೆಯ ಬಸಿನೀರಿನಲ್ಲಿ ಸದಾ ತೋಯ್ದ ದಾರಿ. ಕೊಪ್ಪಳ ತಾಲೂಕು ಇವೆರಡರ ನಡುವೆ: ಮುನಿರಾಬಾದ್, ಹಿಟ್ನಾಳದ ಕಡೆ ತಂಪು, ಅಳವಂಡಿಯ ಕಡೆ ಒಣ.

ಕುರಿಗಾರರು ಈ ಎರಡು ಸೀಮೆಯ ನಡುವೆ ಓಡಾಡುತ್ತಾರೆ. ಮುಂಗಾರಿನ ಭತ್ತ ಕೊಯ್ಲಾಗುತ್ತಿದ್ದಂತೆ ಕುಷ್ಟಗಿ, ಯಲಬುರ್ಗಾದ ಹಿಂಡುಗಳು ಕೂಳೆ ಮೇಯಿಸಲು ಗಂಗಾವತಿಯ ಕಡೆ ಇಳಿಯುತ್ತವೆ. ಗದ್ದೆಯವರಿಗೆ ಗೊಬ್ಬರ ಬೇಕು, ಕುರಿಗಾರನಿಗೆ ಮೇವು ಬೇಕು. ರಾತ್ರಿ ಹೊಲದಲ್ಲಿ ಕುರಿ ತರುಬಿದರೆ ಇಬ್ಬರಿಗೂ ಲಾಭ. ಡೆಕ್ಕನಿ ಕುರಿಯೂ ಕೆಂಗುರಿಯೂ ತಲೆತಲಾಂತರದಿಂದ ಒಣ ನೆಲದಲ್ಲಿ ಬೆಳೆದ ತಳಿಗಳು; ಅವುಗಳ ಗೊರಸು ಕಲ್ಲುನೆಲಕ್ಕೆ ತಕ್ಕಂತೆ ಗಟ್ಟಿ. ಅದೇ ಗೊರಸು ಒಂದು ವಾರ ಒದ್ದೆಯಲ್ಲಿ ನಿಂತರೆ ಸಂದಿಯ ಚರ್ಮ ಬೆಳ್ಳಗೆ ನೆನೆದು, ಒರಸಿದರೆ ಎದ್ದುಬರುವ ಹಾಗಾಗುತ್ತದೆ. ರೋಗ ಶುರುವಾಗುವುದು ಅಲ್ಲಿಂದ.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಬೇಕು. ಕೆಸರು ರೋಗವನ್ನು ತರುವುದಿಲ್ಲ, ಬಾಗಿಲು ತೆರೆಯುತ್ತದೆ ಅಷ್ಟೆ. ಆ ಬಾಗಿಲಲ್ಲಿ ಎರಡು ಬ್ಯಾಕ್ಟೀರಿಯಾ ಒಂದರ ಹಿಂದೆ ಒಂದು ನುಗ್ಗುತ್ತವೆ. ಮೊದಲನೆಯದು ಫ್ಯೂಸೊಬ್ಯಾಕ್ಟೀರಿಯಂ ನೆಕ್ರೊಫೋರಂ. ಇದು ಕುರಿಯ ಕರುಳಿನಲ್ಲಿ, ಹಿಕ್ಕೆಯಲ್ಲಿ, ಹಟ್ಟಿಯ ಮಣ್ಣಿನಲ್ಲಿ ಯಾವಾಗಲೂ ಇರುವಂಥದ್ದು. ನೆನೆದ ಚರ್ಮ ಸಿಕ್ಕರೆ ಸಂದಿಯಲ್ಲಿ ಉರಿಯೂತ ಎಬ್ಬಿಸುತ್ತದೆ, ಕುರಿ ಕುಂಟುತ್ತದೆ, ಒಣ ನೆಲಕ್ಕೆ ಹೊಡೆದರೆ ಬಹುಪಾಲು ತಾನಾಗಿ ವಾಸಿಯಾಗುತ್ತದೆ. ಎರಡನೆಯದು ಡೈಕೆಲೊಬ್ಯಾಕ್ಟರ್ ನೊಡೋಸಸ್. ನಿಜವಾದ ಗೊರಸು ಕೊಳೆ ರೋಗಕ್ಕೆ ಇದು ಇರಲೇಬೇಕು ಎಂಬುದನ್ನು ಆಸ್ಟ್ರೇಲಿಯದ ವಿಜ್ಞಾನಿ ಬೆವರಿಜ್ 1941ರಲ್ಲಿ ತೋರಿಸಿಕೊಟ್ಟರು. ಕೊಂಬಿನಂಥ ಗಟ್ಟಿ ಗೊರಸನ್ನು ಒಳಗಿನ ಜೀವಂತ ಪದರದಿಂದ ಬಿಡಿಸುವುದು ಈ ಎರಡನೆಯ ಜೀವಿಯ ಕೆಲಸ. ಇದರ ವಾಸ ಕುರಿ, ಆಡಿನ ಗೊರಸಿನಲ್ಲೇ. ಹೊರಗೆ ಮಣ್ಣಿನಲ್ಲಿ, ಅದರಲ್ಲೂ ನಮ್ಮ ಬಿಸಿಲಿನಲ್ಲಿ, ಬಹುಕಾಲ ಬದುಕಲಾರದು. ಎರಡು ವಾರ ಕುರಿ ಕಾಲಿಡದ ನೆಲ ಸುರಕ್ಷಿತ ಎಂದು ಪಶುವೈದ್ಯರು ಲೆಕ್ಕ ಹಿಡಿಯುವುದು ಇದಕ್ಕೇ. ಅಂದರೆ ನಿಮ್ಮ ಹಿಂಡಿಗೆ ಈ ರೋಗ ಬಂದಿದ್ದರೆ, ಅದನ್ನು ಹೊತ್ತು ತಂದ ಒಂದು ಪ್ರಾಣಿ ಎಲ್ಲೋ ಇದೆ: ಸಂತೆಯಿಂದ ತಂದ ಟಗರು, ಕಾಲುವೆ ದಂಡೆಯಲ್ಲಿ ನೀರು ಕುಡಿಯುವಾಗ ಬೆರೆತ ಇನ್ನೊಬ್ಬರ ಹಿಂಡು, ಅಥವಾ ಕಳೆದ ವರ್ಷ ಪೂರ್ತಿ ವಾಸಿಯಾಗದೆ ಗೊರಸಿನ ಬಿರುಕಿನಲ್ಲಿ ಸೋಂಕು ಇಟ್ಟುಕೊಂಡ ನಿಮ್ಮದೇ ಕುರಿ.

ಹದಿನೈದು ದಿನದ ದಾರಿ ಕೇಳುವುದು ಇದಕ್ಕಾಗಿ. ಬೇಸಿಗೆಯಲ್ಲಿ ತಾವರಗೇರಾದ ಗುಡ್ಡದ ಬುಡದಲ್ಲೇ ಮೇಯುತ್ತಿರುವ, ಹೊಸ ಕುರಿ ಸೇರದ ಹಿಂಡಿನಲ್ಲಿ ಎರಡು ಕುರಿ ಕುಂಟುತ್ತಿವೆ ಎಂದರೆ ಅದು ಗೊರಸು ಕೊಳೆ ಆಗಿರುವ ಸಂಭವ ತೀರ ಕಡಿಮೆ. ಅದೇ ಹಿಂಡು ಜನವರಿಯಲ್ಲಿ ಕಾರಟಗಿಯ ಬದುಗಳಲ್ಲಿ ವಾರಗಟ್ಟಲೆ ಕಳೆದು, ದಿನಕ್ಕೆರಡು ಹೊಸ ಕುಂಟು ಕಾಣುತ್ತಿದ್ದರೆ ನನ್ನ ಕೈ ತಾನಾಗಿ ಗೊರಸಿನ ಕಡೆ ಹೋಗುತ್ತದೆ.

ಹಾಗೆ ಕೈ ಹೋಗುವ ಮುನ್ನ ಬಾಯಿ ನೋಡಬೇಕು ಎಂದೆನಲ್ಲ, ಅದರ ಕಾರಣ ನೀಲಿ ನಾಲಿಗೆ ರೋಗ ಮತ್ತು ಕಾಲುಬಾಯಿ ಬ್ಯಾನಿ. ಎರಡೂ ವೈರಸ್ಸಿನವು, ಎರಡರಲ್ಲೂ ಕುರಿ ಕುಂಟುತ್ತದೆ, ಎರಡಕ್ಕೂ ಗೊರಸು ಕೊಳೆಯ ಸೂಜಿ ನಾಟುವುದಿಲ್ಲ.

ನೀಲಿ ನಾಲಿಗೆ ರೋಗ ಭಾರತದಲ್ಲಿ ಮೊದಲು ವರದಿಯಾದದ್ದು 1964ರಲ್ಲಿ, ಮಹಾರಾಷ್ಟ್ರದಿಂದ. ಈಗ ದಕ್ಷಿಣದ ರಾಜ್ಯಗಳ ಕುರಿಗಳಿಗೆ ಅದು ಹೆಚ್ಚುಕಡಿಮೆ ವರ್ಷವರ್ಷದ ಕಾಟ. ಹರಡುವುದು ಕ್ಯೂಲಿಕಾಯ್ಡಿಸ್ ಎಂಬ ಸಣ್ಣ ನುಸಿಯಿಂದ. ಆ ನುಸಿ ಮರಿ ಮಾಡುವುದು ಸಗಣಿ ಬೆರೆತ ಒದ್ದೆ ಮಣ್ಣಿನಲ್ಲಿ. ಹಾಗಾಗಿ ಸೆಪ್ಟೆಂಬರ್ ಮಳೆಯ ಬೆನ್ನಿಗೆ, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಇದರ ಕಾಲ. ಕುರಿಗಳ ಕಾಲು ಮೆತ್ತಗಾಗಿ ಕುಂಟು ಶುರುವಾಗುವುದೂ ಅದೇ ಕಾಲ. ತಪ್ಪು ತಿಳಿಯಲು ಇದಕ್ಕಿಂತ ಬೇರೆ ಕಾರಣ ಬೇಡ. ರೋಗ ಹಿಡಿದ ಕುರಿಗೆ 105, 106 ಡಿಗ್ರಿ ಜ್ವರ, ತುಟಿ, ಮುಖ ಊದಿರುತ್ತದೆ, ಜೊಲ್ಲು ಸುರಿಯುತ್ತದೆ, ಮೂಗಿನ ಹೊಳ್ಳೆಯ ಸುತ್ತ ಸಿಂಬಳ ಒಣಗಿ ಹಕ್ಕಳೆ ಕಟ್ಟಿರುತ್ತದೆ. ಹಲವರು ನಾಲಿಗೆ ನೀಲಿಯಾಗಿದೆಯೇ ಎಂದಷ್ಟೇ ನೋಡಿ, ಇಲ್ಲ ಎಂದು ಬಿಟ್ಟುಬಿಡುತ್ತಾರೆ. ನಾಲಿಗೆ ನೀಲಿಯಾಗುವುದು ಕೆಲವೇ ಕುರಿಗಳಲ್ಲಿ. ಕಾಲಿನಲ್ಲಿ ನೋಡಬೇಕಾದ ಜಾಗ ಗೊರಸಿನ ಸಂದಿಯಲ್ಲ, ಗೊರಸಿನ ಮೇಲಂಚು, ಕೂದಲು ಮುಗಿದು ಗೊರಸು ಶುರುವಾಗುವ ಗೆರೆ. ಅಲ್ಲಿ ಸುತ್ತಲೂ ಕೆಂಪು, ಕೆಲವೊಮ್ಮೆ ನೇರಳೆ ಬಣ್ಣದ ಪಟ್ಟಿ ಕಾಣುತ್ತದೆ. ಮುಟ್ಟಿದರೆ ಬಿಸಿ, ಒತ್ತಿದರೆ ಕುರಿ ಕಾಲು ಎಳೆದುಕೊಳ್ಳುತ್ತದೆ. ಕರಿ ಗೊರಸಿನ ಕುರಿಯಲ್ಲಿ ಈ ಬಣ್ಣ ಗುರುತಿಸುವುದು ಕಷ್ಟ, ಆಗ ಬೆರಳಿನ ಬಿಸಿಯನ್ನೇ ನಂಬಬೇಕು. ಕೆಲವು ಕುರಿ ಕತ್ತು ಒಂದು ಕಡೆ ತಿರುಚಿಕೊಂಡು ನಿಲ್ಲುತ್ತವೆ.

ಹನುಮಸಾಗರದ ಕಡೆಯ ಒಂದು ಹಿಂಡು ನೆನಪಿಗೆ ಬರುತ್ತದೆ. ದೀಪಾವಳಿ ಮುಗಿದ ಹೊಸತು. ಹತ್ತಾರು ಕುರಿ ಕುಂಟುತ್ತಿದ್ದವು, ಮನೆಯವರು ಔಷಧದ ಅಂಗಡಿಯಿಂದ ಸೂಜಿ ತಂದು ಎರಡು ಸುತ್ತು ಹಾಕಿಸಿದ್ದರು, ಕುಡುಗೋಲಿನಿಂದ ಗೊರಸನ್ನೂ ಹೆರೆದಿದ್ದರು. ಹೆರೆದ ಗೊರಸಿನಲ್ಲಿ ವಾಸನೆ ಇರಲಿಲ್ಲ, ಸಂದಿ ಒಣಗಿ ಚೊಕ್ಕಟವಾಗಿತ್ತು. ಒಂದರ ಮೇಲ್ದುಟಿ ಎತ್ತಿದರೆ ಒಸಡಿನ ಮೇಲೆಲ್ಲ ಸಣ್ಣ ಸಣ್ಣ ರಕ್ತದ ಚುಕ್ಕೆ. ಎಲ್ಲ ಕುರಿಗಳ ತುಟಿ ದಪ್ಪ. ಆ ಕುರಿಗಳಿಗೆ ಬೇಕಾಗಿದ್ದದ್ದು ನೆರಳು, ಮೆತ್ತನೆಯ ಅಂಬಲಿ, ಬಾಯಿ ತೊಳೆಯುವುದು, ನುಸಿ ಓಡಿಸಲು ಸಂಜೆ ಬೇವಿನ ಸೊಪ್ಪಿನ ಹೊಗೆ. ಅವುಗಳಿಗೆ ಸಿಕ್ಕಿದ್ದು ಹೆರೆದ ಗಾಯದ ಮೇಲೆ ನಡೆಯುವ ನೋವು. ಈ ರೋಗಕ್ಕೆ ನಮ್ಮಲ್ಲಿ ಐದು ಬಗೆಯ ವೈರಸ್ ಸೇರಿಸಿ ಮಾಡಿದ ಲಸಿಕೆ ಇದೆ. ನುಸಿಯ ಕಾಲಕ್ಕೆ ಮುಂಚೆ ಹಾಕಿಸಬೇಕು, ಕುಂಟು ಕಂಡ ಮೇಲಲ್ಲ. ಬೆಂಗಳೂರಿನ ಯಲಹಂಕದಲ್ಲಿರುವ ನಿವೇದಿ ಸಂಸ್ಥೆ ಯಾವ ಜಿಲ್ಲೆಯಲ್ಲಿ ಯಾವ ಜಾನುವಾರು ರೋಗ ಏಳಬಹುದು ಎಂಬ ಮುನ್ಸೂಚನೆಯನ್ನು ಎರಡು ತಿಂಗಳು ಮೊದಲೇ ಕೊಡುತ್ತದೆ. ಅದು ಹಟ್ಟಿಯ ತನಕ ಮುಟ್ಟುವಂತೆ ಮಾಡುವುದು ಪಶುಸಂಗೋಪನಾ ಇಲಾಖೆಯ ಮುಖ್ಯ ಕೆಲಸಗಳಲ್ಲಿ ಒಂದಾಗಬೇಕು.

ಕಾಲುಬಾಯಿ ಬ್ಯಾನಿ ಎತ್ತು, ಎಮ್ಮೆಯಲ್ಲಿ ಎದ್ದು ಕಾಣುತ್ತದೆ: ಬಾಯಿ ತುಂಬ ನೊರೆ, ನಾಲಿಗೆಯ ಸಿಪ್ಪೆ ಸುಲಿದಿರುತ್ತದೆ. ಕುರಿ, ಆಡಿನಲ್ಲಿ ಹಾಗಲ್ಲ. ಬಾಯಿಯ ಗುಳ್ಳೆ ಸಣ್ಣವು, ಒಂದೆರಡು ದಿನದಲ್ಲೇ ಮಾಯುತ್ತವೆ, ಹುಡುಕದಿದ್ದರೆ ಸಿಗುವುದಿಲ್ಲ. ಹುಡುಕಬೇಕಾದ ಜಾಗ ಮೇಲಿನ ಒಸಡು. ಕುರಿಗೆ ಮೇಲೆ ಮುಂಭಾಗದ ಹಲ್ಲಿಲ್ಲ, ಅಲ್ಲಿರುವ ಗಟ್ಟಿ ದಿಂಬಿನಂಥ ಭಾಗದ ಮೇಲೆ ಸಿಪ್ಪೆ ಎದ್ದಿದೆಯೇ ನೋಡಬೇಕು. ಕಾಲಿನಲ್ಲಿ ಗುಳ್ಳೆ ಬರುವುದು ಮೇಲಂಚಿನಲ್ಲೂ ಸಂದಿಯಲ್ಲೂ. ಇದರ ದೊಡ್ಡ ಗುರುತು ವೇಗ. ನಿನ್ನೆ ಚೆನ್ನಾಗಿದ್ದ ಹಿಂಡಿನಲ್ಲಿ ಇವತ್ತು ಬೆಳಗ್ಗೆ ಇಪ್ಪತ್ತು ಕುಂಟಿದರೆ, ಜೊತೆಗೆ ಹಾಲು ಕುಡಿಯುವ ಮರಿಗಳು ಕಾರಣ ಕಾಣದೆ ಪಟಪಟನೆ ಸತ್ತರೆ, ಮರಿಗಳ ಹೃದಯಕ್ಕೆ ಈ ವೈರಸ್ ತಾಗಿದೆ ಎಂದು ಸಂಶಯ ಪಡಬೇಕು. ಗೊರಸು ಕೊಳೆ ಹಾಗೆ ಒಂದೇ ರಾತ್ರಿಯಲ್ಲಿ ಏಳುವುದಿಲ್ಲ. ದಿನ ದಿನಕ್ಕೆ ಒಂದೆರಡು ಸೇರಿಕೊಂಡು ಬೆಳೆಯುತ್ತದೆ, ಅದರಿಂದ ಮರಿ ಹಾಗೆ ಸಾಯುವುದಿಲ್ಲ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕುರಿ, ಆಡುಗಳಿಗೂ ಕಾಲುಬಾಯಿ ಲಸಿಕೆ ಸೇರಿದೆ. ಹಿಂಡು ಊರಲ್ಲಿ ಇರಲಿಲ್ಲ ಎಂಬ ಕಾರಣಕ್ಕೆ ತಪ್ಪಿಸಿಕೊಂಡಿದ್ದರೆ ಬಿಡದೆ ಕೇಳಿ ಹಾಕಿಸಿಕೊಳ್ಳಿ. ನೀಲಿ ನಾಲಿಗೆ, ಕಾಲುಬಾಯಿ ಎರಡೂ 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ಕಾಯ್ದೆಯ ಪಟ್ಟಿಯಲ್ಲಿವೆ. ಸಂಶಯ ಬಂದರೆ ಇಲಾಖೆಗೆ ತಿಳಿಸಲೇಬೇಕು, ಹಿಂಡನ್ನು ಇದ್ದ ಜಾಗದಲ್ಲೇ ನಿಲ್ಲಿಸಬೇಕು.

ಜ್ವರದ ಮಾತು ಚಿಕ್ಕದು. ಆರೋಗ್ಯವಂತ ಕುರಿಯ ಮೈಬಿಸಿ 102ರಿಂದ 103.5 ಡಿಗ್ರಿ. ಬಿಸಿಲಲ್ಲಿ ನಡೆದು ಬಂದಿದ್ದರೆ ಕೊಂಚ ಏರಿರುತ್ತದೆ, ಅದಕ್ಕೇ ಬೆಳಗಿನ ಜಾವ ಹಟ್ಟಿಯಲ್ಲೇ ನೋಡಬೇಕು. ಮೆಡಿಕಲ್ ಅಂಗಡಿಯ ಡಿಜಿಟಲ್ ಥರ್ಮಾಮೀಟರ್ ಸಾಕು. ಗುದದ್ವಾರದಲ್ಲಿ ಇಟ್ಟು ಬೀಪ್ ಬರುವವರೆಗೆ ಹಿಡಿಯಿರಿ. ಬಾಯಿ ಚೊಕ್ಕಟ, ಜ್ವರ ಇಲ್ಲ ಎಂದಾದರೆ ಮಾತ್ರ ಕುರಿಯನ್ನು ಕೂರಿಸಿ ಗೊರಸಿಗೆ ಬನ್ನಿ.

ಕೂರಿಸಿ ಎಂದೆ. ಕುರಿಗಾರರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಉಣ್ಣೆ ಕತ್ತರಿಸುವಾಗ ಕೂರಿಸುವ ಹಾಗೆಯೇ: ಬೆನ್ನು ನಿಮ್ಮ ಮೊಣಕಾಲಿಗೆ ಒರಗಿರಲಿ, ನಾಲ್ಕೂ ಕಾಲು ಗಾಳಿಯಲ್ಲಿರಲಿ. ಹೊಸದಾಗಿ ಕುರಿ ಸಾಕಲು ಇಳಿದ ಹುಡುಗರು ನಿಂತ ಕುರಿಯ ಕಾಲನ್ನು ಎತ್ತಿ ನೋಡಿ, ಏನೂ ಇಲ್ಲ ಎನ್ನುತ್ತಾರೆ. ಹಾಗೆ ನೋಡಿದರೆ ಸಂದಿ ಕಾಣುವುದೇ ಇಲ್ಲ. ಗರ್ಭದ ಕುರಿಯಾದರೆ ಮಾತ್ರ ಕೂರಿಸದೆ ಮೆಲ್ಲಗೆ ಮಗ್ಗುಲಿಗೆ ಮಲಗಿಸಿ. ಗೊರಸನ್ನು ನೀರಲ್ಲಿ ತೊಳೆದು, ಬಟ್ಟೆಯಲ್ಲಿ ಒರಸಿ, ಎರಡು ಉಗುರುಗಳನ್ನು ಹೆಬ್ಬೆರಳುಗಳಿಂದ ಅಗಲಿಸಿ ಬೆಳಕಿಗೆ ಹಿಡಿಯಿರಿ.

ಕಾಲುವೆಯ ಉಪಕಾಲುವೆಯೊಂದರ ದಂಡೆಯಲ್ಲಿ ಒಬ್ಬ ಹಿರಿಯ ಕುರಿಗಾರರ ಹಿಂಡು ನೋಡಿದ್ದು ಹೇಳುತ್ತೇನೆ, ಗೊರಸು ಕೊಳೆಯ ಎಲ್ಲ ಹಂತಗಳೂ ಅಲ್ಲಿ ಒಟ್ಟಿಗೆ ಇದ್ದವು. "ಯಜಮಾನ್ರ, ಎಷ್ಟ ದಿನಾತು ಕುಂಟಾಕತ್ತು?" ಎಂದರೆ, "ನೆಲ್ಲ ಕೊಯ್ದ ಗದ್ದಿಗೆ ಬಂದ ಮ್ಯಾಲ ಸಾಹೇಬ್ರ. ಮೊದ್ಲ ಒಂದ, ಆಮ್ಯಾಲ ನಾಕ, ಈಗ ಲೆಕ್ಕ ಬಿಟ್ಟೀನ್ರಿ" ಎಂದರು. ಬಾಯಿ, ಜ್ವರ ಎರಡೂ ಸರಿ ಇದ್ದವು. ಮೊದಲು ಕೂರಿಸಿದ ಕುರಿಯ ಸಂದಿ ಬರೀ ಕೆಂಪಗೆ ತೇವವಾಗಿತ್ತು, ಸಂದಿಯ ಕೂದಲು ಉದುರಿತ್ತು. ಎರಡನೆಯದರಲ್ಲಿ ಸಂದಿಯ ಚರ್ಮದ ಮೇಲೆ ಬೂದು ಬಣ್ಣದ ಲೋಳೆ, ಒರಸಿದರೆ ಅಡಿಯಲ್ಲಿ ಹಸಿ ಗಾಯ. ಮೂರನೆಯದು ಮುಂಗಾಲಿನ ಮಂಡಿಯೂರಿಯೇ ಮೇಯುತ್ತಿದ್ದ ಕುರಿ, ಮಂಡಿಯ ಕೂದಲು ಸವೆದಿತ್ತು. ಅದರ ಹಿಮ್ಮಡಿಯ ಒಳಮಗ್ಗುಲಲ್ಲಿ, ಚರ್ಮವೂ ಗೊರಸೂ ಕೂಡುವ ಕಡೆ, ಒಂದು ಸಣ್ಣ ಬಾಯಿ ಬಿಟ್ಟಿತ್ತು. ಭತ್ತದ ಹುಲ್ಲಿನ ಕಡ್ಡಿಯೊಂದನ್ನು ಮೆಲ್ಲಗೆ ಅಲ್ಲಿ ಇಟ್ಟೆ. ಕಡ್ಡಿ ತಡೆಯಿಲ್ಲದೆ ಗೊರಸಿನ ಅಡಿಗೆ ಹೋಯಿತು. ಹೊರಗೆಳೆದಾಗ ಬಂದ ವಾಸನೆ ಮೂಗಿಗೆ ಒಮ್ಮೆ ಬಡಿದರೆ ಜೀವನಪೂರ್ತಿ ಮರೆಯುವುದಿಲ್ಲ. ಕೀವು ಹೆಚ್ಚಿರುವುದಿಲ್ಲ, ಬೂದು ಬಣ್ಣದ ತೆಳು ಲೋಳೆ ಮಾತ್ರ. ನಾತ ಮಾತ್ರ ಅಸಹ್ಯ.

ಗೊರಸು ಕೊಳೆಯ ಗುರುತು ಆ ಕಡ್ಡಿ ಹೋದ ಜಾಗ. ಗೊರಸು ತನ್ನ ಬುಡದಿಂದ ಬಿಡುತ್ತಿದೆ, ಅದೂ ಹಿಮ್ಮಡಿಯ ಒಳಮಗ್ಗುಲಿನಿಂದ ಶುರುವಾಗಿ ಅಂಗಾಲಿನತ್ತ, ಕೊನೆಗೆ ಹೊರಗೋಡೆಯತ್ತ ಹೋಗುತ್ತಿದೆ ಎಂದರೆ ಸಂಶಯಕ್ಕೆ ಎಡೆಯಿಲ್ಲ. 1971ರಲ್ಲಿ ಎಗರ್ಟನ್ ಮತ್ತು ರಾಬರ್ಟ್ಸ್ ಎಂಬ ವಿಜ್ಞಾನಿಗಳು ಇದಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುವ ಕ್ರಮ ಮಾಡಿದರು. ಸಂದಿಯ ಚರ್ಮಕ್ಕೆ ಮಾತ್ರ ತಗುಲಿದ್ದರೆ ಒಂದು ಅಥವಾ ಎರಡು, ಗೊರಸು ಬಿಡಲು ಶುರುವಾದರೆ ಮೂರು, ಹೊರಗೋಡೆಯವರೆಗೂ ಬಿಟ್ಟಿದ್ದರೆ ನಾಲ್ಕು. ಇವತ್ತಿಗೂ ಜಗತ್ತಿನ ಪಶುವೈದ್ಯರು ಇದನ್ನೇ ಸ್ವಲ್ಪ ಹೆಚ್ಚುಕಡಿಮೆ ಮಾಡಿಕೊಂಡು ಬಳಸುತ್ತಾರೆ. ಕುರಿಗಾರರಿಗೆ ಇದರ ಪ್ರಯೋಜನವೇನು? ಒಂದೇ ಕುರಿಯಲ್ಲಿ ಒಂದು, ಎರಡು ಕಂಡರೆ ಅದು ಬರೀ ಒದ್ದೆಯ ಉರಿಯೂ ಆಗಿರಬಹುದು, ನಿಜವಾದ ರೋಗದ ಮೊದಲ ಹೆಜ್ಜೆಯೂ ಆಗಿರಬಹುದು. ನೋಡಿ ಹೇಳಲು ಯಾರಿಗೂ ಆಗದು. ಅದಕ್ಕೇ ಒಂದೇ ಕುರಿ ನೋಡಿ ತೀರ್ಪು ಕೊಡಬಾರದು. ಕುಂಟುವುದರಲ್ಲಿ ಹತ್ತಾದರೂ ಕೂರಿಸಿ ನೋಡಬೇಕು. ಹತ್ತರಲ್ಲಿ ಎರಡಕ್ಕೆ ಕಡ್ಡಿ ಒಳಗೆ ಹೋದರೆ ಹಿಂಡಿಗೆಲ್ಲ ಗೊರಸು ಕೊಳೆ ಎಂದೇ ಲೆಕ್ಕ. ಸಾಮಾನ್ಯವಾಗಿ ಒಂದು ಕಾಲಿನ ಎರಡೂ ಉಗುರಿಗೆ ತಗುಲಿರುತ್ತದೆ, ಒಂದಕ್ಕಿಂತ ಹೆಚ್ಚು ಕಾಲಿಗೂ ಹರಡಿರುತ್ತದೆ.

ಒಂದೇ ಕಾಲು, ಒಂದೇ ಉಗುರು ಊದಿ, ಕಾದು, ಕುರಿ ಕಾಲು ನೆಲಕ್ಕೆ ಊರುವುದನ್ನೇ ಬಿಟ್ಟಿದ್ದರೆ ಅದು ಒಳಗೆ ಕೀವು ಕಟ್ಟಿದ ಕುರು. ಕುಷ್ಟಗಿ ಕಡೆ ಬಹಳ ಸಲ ಅದರ ಬುಡದಲ್ಲಿ ಬಳ್ಳಾರಿ ಜಾಲಿಯ ಮುಳ್ಳಿನ ಮೊನೆ ಸಿಗುತ್ತದೆ. ಮುಳ್ಳು ತೆಗೆದು ಕೀವಿಗೆ ದಾರಿ ಮಾಡಿದರೆ ಸಾಕು, ಹಿಂಡಿಗೆಲ್ಲ ಔಷಧ ಬೇಡ. ಯಲಬುರ್ಗಾದ ಎರೆ ಹೊಲದಲ್ಲಿ ಮಳೆಯ ಮರುದಿನ ಮೇಯಿಸಿದರೆ ಜಿಗಟು ಮಣ್ಣು ಸಂದಿಯಲ್ಲಿ ಉಂಡೆಯಾಗಿ ಒಣಗಿ ಕಲ್ಲಿನಂತಾಗುತ್ತದೆ, ಅದಕ್ಕೂ ಕುರಿ ಕುಂಟುತ್ತದೆ. ನೆನೆಸಿ ತೆಗೆದರೆ ಮುಗಿಯಿತು. ಮೆಕ್ಕೆಜೋಳದ ರಾಶಿಗೆ ಬಾಯಿ ಹಾಕಿದ ಕುರಿ ಮರುದಿನ ನಾಲ್ಕೂ ಕಾಲು ಬಿಗಿಹಿಡಿದು ನಡೆಯುತ್ತಿದ್ದರೆ ತೊಂದರೆ ಕಾಲಿನದಲ್ಲ, ಹೊಟ್ಟೆಯದು. ಎಳೆಯ ಮರಿಯ ಕೀಲು ಊದಿದ್ದರೆ ಹೊಕ್ಕುಳ ನೋಡಬೇಕು.

ಇನ್ನೊಂದನ್ನು ಬಿಡಿಸಿ ಹೇಳಲೇಬೇಕು. ಕುರಿಯ ಪ್ರತಿ ಕಾಲಿನಲ್ಲೂ ಎರಡು ಉಗುರು ಕೂಡುವ ಕಡೆ, ಮುಂಭಾಗದಲ್ಲಿ ಸ್ವಲ್ಪ ಮೇಲಕ್ಕೆ ಒಂದು ಸಣ್ಣ ರಂಧ್ರವಿದೆ. ಒತ್ತಿದರೆ ಮೇಣದಂಥ ಜಿಡ್ಡು, ಕೆಲವೊಮ್ಮೆ ಕೂದಲಿನ ಸಿಂಬೆ ಹೊರಬರುತ್ತದೆ. ಇದನ್ನು ಹುಳ ಎಂದೋ ಕೀವು ಎಂದೋ ತಿಳಿದು ಸೂಜಿಯಿಂದ ಕೆದಕುವವರನ್ನು, ಚಾಕುವಿನಿಂದ ಕೊಯ್ದು ತೆಗೆಯುವವರನ್ನು ನೋಡಿದ್ದೇನೆ. ಅದು ಕುರಿಗೆ ಹುಟ್ಟಿನಿಂದ ಬಂದ ಗ್ರಂಥಿ. ಆಡಿಗೆ ಅದು ಇರುವುದಿಲ್ಲ. ಊದಿ ಕೆಂಪಾಗಿದ್ದರೆ, ಮಣ್ಣು ತುಂಬಿದ್ದರೆ ಮಾತ್ರ ಶುಚಿ ಮಾಡಿ, ಇಲ್ಲದಿದ್ದರೆ ದಯವಿಟ್ಟು ಅದರ ಗೊಡವೆಗೆ ಹೋಗಬೇಡಿ.

ಆಡುಗಳ ಬಗ್ಗೆ ಕೇಳುವವರಿಗೆ: ರೋಗ ಅವುಗಳಿಗೂ ಬರುತ್ತದೆ, ಆದರೆ ಬಹಳ ಸಲ ಸಂದಿಯ ಚರ್ಮದಲ್ಲೇ ನಿಲ್ಲುತ್ತದೆ, ಕುರಿಯಲ್ಲಿ ಬಿಡುವಷ್ಟು ಗೊರಸು ಬಿಡುವುದಿಲ್ಲ. ಹಾಗೆಂದು ಹಗುರ ಮಾಡುವಂತಿಲ್ಲ, ಅಷ್ಟು ಸಣ್ಣ ಗಾಯದಿಂದಲೇ ಹಿಂಡಿನ ಕುರಿಗಳಿಗೆ ಸೋಂಕು ದಾಟುತ್ತದೆ. ಕುರಿ ಹಿಂಡಿನ ಜೊತೆ ಹಾಲಿಗೆಂದು ನಾಲ್ಕು ಆಡು ಇಟ್ಟುಕೊಂಡವರು ಅವುಗಳ ಕಾಲನ್ನೂ ನೋಡಬೇಕು.

ನಿರ್ಣಯ ಸರಿಯಾದರೆ ಮುಂದಿನದು ಕಷ್ಟವಲ್ಲ. ಗೊರಸು ಹೆರೆಯುವ ವಿಷಯದಲ್ಲಿ ಹಳೆಯ ರೂಢಿಯನ್ನು ಬಿಡಬೇಕಾಗಿದೆ. ರಕ್ತ ಬರುವವರೆಗೆ ಹೆರೆದು ಕೊಳೆತದ್ದನ್ನೆಲ್ಲ ತೆಗೆಯಬೇಕು ಎಂದು ನಮಗೆ ಕಲಿಸಿದ್ದರು. 2010ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಪ್ರಯೋಗದಲ್ಲಿ ಹೆರೆಯದೆ ದೀರ್ಘಾವಧಿಯ ಆಕ್ಸಿಟೆಟ್ರಾಸೈಕ್ಲಿನ್ ಸೂಜಿ ಕೊಟ್ಟ ಕುರಿಗಳು ಬೇಗ ವಾಸಿಯಾದವು, ಹೆರೆದವು ತಡವಾದವು. ಸಡಿಲವಾಗಿ ತೂಗುವ ತುಂಡು ಇದ್ದರೆ ಗಾಯ ಮಾಯ್ದ ಮೇಲೆ ತೆಗೆದರಾಯಿತು. ಸೂಜಿಯ ಪ್ರಮಾಣ ಕೆಜಿಗೆ 20 ಮಿಲಿಗ್ರಾಂ, ಅಂದರೆ 30 ಕೆಜಿ ಕುರಿಗೆ 600 ಮಿಲಿಗ್ರಾಂ. ವೈದ್ಯರು ಬರೆದುಕೊಟ್ಟು ಹಾಕಬೇಕಾದದ್ದು. ಸೂಜಿ ಬಿದ್ದ ಕುರಿಯನ್ನು ಸೀಸೆಯ ಮೇಲೆ ಬರೆದಷ್ಟು ದಿನ ಮಾಂಸಕ್ಕೆ ಮಾರಬಾರದು. ಸೂಜಿ ಹಾಕಿದ ದಿನ ಒಣ ನೆಲದಲ್ಲೇ ನಿಲ್ಲಿಸಬೇಕು, ಕೆಸರಿಗೆ ಹೊಡೆದರೆ ಔಷಧ ಅರ್ಧ ಕೆಲಸ ಮಾಡುತ್ತದೆ.

ಕಾಲು ಅದ್ದಿಸಲು ನಮ್ಮವರು ಮೊದಲು ನೆನೆಯುವುದು ಮೈಲುತುತ್ತು. ಕುರಿಗೆ ತಾಮ್ರ ಆಗಿಬರುವುದಿಲ್ಲ, ಅದು ಯಕೃತ್ತಿನಲ್ಲಿ ಉಳಿದು ಒಂದು ದಿನ ವಿಷವಾಗುತ್ತದೆ. ಬಾಯಾರಿದ ಕುರಿ ಆ ನೀರಿಗೆ ಬಾಯಿ ಹಾಕಿದರೆ ಕೆಟ್ಟಿತು. ಅದಕ್ಕಿಂತ ಸತುವಿನ ಸಲ್ಫೇಟ್ ಒಳ್ಳೆಯದು. ಗಂಗಾವತಿಯ ಯಾವ ಗೊಬ್ಬರದ ಅಂಗಡಿಯಲ್ಲಾದರೂ ಜಿಂಕ್ ಸಲ್ಫೇಟ್ ಸಿಗುತ್ತದೆ, ಭತ್ತದವರು ಪ್ರತಿ ಬೆಳೆಗೂ ಹಾಕುವಂಥದ್ದೇ. 10 ಲೀಟರ್ ನೀರಿಗೆ 1 ಕೆಜಿ ಕರಗಿಸಿ, ಒಂದು ಚಿಟಿಕೆ ಸೋಪಿನ ಪುಡಿ ಬೆರೆಸಿ. ಒಂದು ಗೇಣು ಆಳದ ಸಣ್ಣ ಗುಂಡಿ ತೋಡಿ ತಾಡಪತ್ರಿ ಹಾಸಿದರೆ ಅದೇ ತೊಟ್ಟಿ. ಮೊದಲು ಚೆನ್ನಾಗಿ ನೀರು ಕುಡಿಸಿ, ಆಮೇಲೆ ಕುರಿಗಳನ್ನು ಅದರಲ್ಲಿ ಹತ್ತು ಹದಿನೈದು ನಿಮಿಷ ನಿಲ್ಲಿಸಿ. ದಾಟಿಸಿದರೆ ಸಾಲದು, ನಿಲ್ಲಿಸಬೇಕು.

ಖಚಿತ ಮಾಡಿಕೊಳ್ಳಲು ಪ್ರಯೋಗಾಲಯವೂ ಇದೆ. ಬಿಟ್ಟ ಗೊರಸಿನ ಅಂಚಿನಲ್ಲಿ, ಸತ್ತ ಭಾಗವೂ ಜೀವಂತ ಭಾಗವೂ ಕೂಡುವ ಕಡೆಯಿಂದ ಹತ್ತಿಯ ಕಡ್ಡಿಯಲ್ಲಿ ಲೋಳೆ ತೆಗೆದು ಪಿಸಿಆರ್ ಪರೀಕ್ಷೆ ಮಾಡಿದರೆ ಡೈಕೆಲೊಬ್ಯಾಕ್ಟರ್ ಇದೆಯೋ ಇಲ್ಲವೋ ತಿಳಿಯುತ್ತದೆ. ಗಾಳಿ ತಾಗಿದರೆ ಸಾಯುವ ಈ ಜೀವಿಯನ್ನು ಬೆಳೆಸಿ ನೋಡುವುದು ಬಲು ಕಷ್ಟ, ಅದಕ್ಕಾಗಿ ಗೊರಸಿನ ಪುಡಿ ಬೆರೆಸಿದ ವಿಶೇಷ ಮಾಧ್ಯಮ ಬೇಕು. ನಮ್ಮ ದೇಶದಲ್ಲಿ ಇದರ ಮೇಲೆ ಹೆಚ್ಚು ಕೆಲಸ ಆಗಿರುವುದು ಕಾಶ್ಮೀರದಲ್ಲಿ. 2019ರ ಜಾನುವಾರು ಗಣತಿಯ ಪ್ರಕಾರ 1.1 ಕೋಟಿ ಕುರಿ ಇರುವ, ಕುರಿ ಸಂಖ್ಯೆಯಲ್ಲಿ ತೆಲಂಗಾಣ, ಆಂಧ್ರದ ನಂತರ ನಿಲ್ಲುವ ಕರ್ನಾಟಕದಲ್ಲೂ ಇದರ ವ್ಯವಸ್ಥಿತ ಹುಡುಕಾಟ ಆಗಬೇಕು. ಅದಕ್ಕೆ ಕಾಲುವೆ ಪ್ರದೇಶಕ್ಕಿಂತ ತಕ್ಕ ಜಾಗ ಇನ್ನೊಂದಿಲ್ಲ. ಆದರೆ ಇಲ್ಲಿ ಒಂದು ತೊಡಕಿದೆ. ಹಿಂಡು ಕುಷ್ಟಗಿಯದು, ರೋಗ ಹತ್ತುವುದು ಗಂಗಾವತಿಯಲ್ಲಿ, ಕುಂಟು ಹೆಚ್ಚಾಗಿ ಆಸ್ಪತ್ರೆಗೆ ಬರುವುದು ವಾಪಸು ಬರುವ ದಾರಿಯಲ್ಲಿ. ಯಾವ ಆಸ್ಪತ್ರೆಯ ಪುಸ್ತಕದಲ್ಲೂ ಆ ಹಿಂಡಿನ ಪೂರ್ತಿ ಕಥೆ ಇರುವುದಿಲ್ಲ. ವಲಸೆ ಹಿಂಡಿಗೆ ಒಂದು ಆರೋಗ್ಯ ಚೀಟಿ ಕೊಟ್ಟು, ಹೋದಲ್ಲೆಲ್ಲ ಅದರಲ್ಲೇ ಬರೆಯುವ ಪದ್ಧತಿ ಬಂದರೆ ದೊಡ್ಡ ಉಪಕಾರವಾಗುತ್ತದೆ.

ಆಗದ ಮಾತಲ್ಲ ಇದು. ನೇಪಾಳದಲ್ಲಿ ಬೆಟ್ಟಕ್ಕೂ ಕಣಿವೆಗೂ ಓಡಾಡುವ ವಲಸೆ ಹಿಂಡುಗಳಲ್ಲಿ, ಆ ಹಿಂಡುಗಳಲ್ಲಿ ಸಿಕ್ಕ ಬ್ಯಾಕ್ಟೀರಿಯಾದ ಬಗೆಗಳಿಗೆ ಮಾತ್ರ ಗುರಿಯಿಟ್ಟ ಲಸಿಕೆ ಹಾಕಿ ಉಗ್ರ ಗೊರಸು ಕೊಳೆಯನ್ನು ಇಲ್ಲವಾಗಿಸಿದರು. ಅವರೂ ಮೊದಲು ಮಾಡಿದ ಕೆಲಸ ಹಿಂಡು ಹಿಂಡಿನ ಕುರಿಗಳನ್ನು ಹಿಡಿದು ಕಾಲು ನೋಡಿ ಬರೆದುಕೊಂಡದ್ದು.

ಲಸಿಕೆ ಬರುವವರೆಗೆ ನಮ್ಮ ಕೈಲಿರುವುದು ಕೊಳ್ಳುವಾಗಿನ ಮತ್ತು ಮಾರುವಾಗಿನ ಎಚ್ಚರ. ಅಮೀನಗಡದ ಸಂತೆಯಲ್ಲೋ ಕೆರೂರಿನ ಸಂತೆಯಲ್ಲೋ ಟಗರು ಹಿಡಿಯುವವರು ಹಲ್ಲು ಎಣಿಸುತ್ತಾರೆ, ಬೆನ್ನು ಮುಟ್ಟಿ ನೋಡುತ್ತಾರೆ. ನಾಲ್ಕೂ ಗೊರಸು ತಿರುವಿ ನೋಡುವವರು ವಿರಳ. ನೋಡಿ ತಂದ ಮೇಲೂ ಎರಡು ವಾರ ಹಿಂಡಿಗೆ ಬೆರೆಸದೆ ಬೇರೆ ಕಟ್ಟಿ, ಹಿಂಡಿಗೆ ಬಿಡುವ ಹಿಂದಿನ ದಿನ ಮತ್ತೊಮ್ಮೆ ಸಂದಿ ಅಗಲಿಸಿ ನೋಡಿ. ಸೂಜಿ, ಸತುವಿನ ನೀರು ಎರಡನ್ನೂ ಸರಿಯಾಗಿ ಮಾಡಿದ ಮೇಲೂ ಎರಡು ಸಲ ಮರುಕಳಿಸಿದ ಕುರಿ ಹಿಂಡಿನಲ್ಲಿ ಉಳಿಯಬಾರದು, ಎಷ್ಟೇ ಒಳ್ಳೆಯ ತಾಯಿಕುರಿಯಾಗಿದ್ದರೂ ಸರಿ. ಅದನ್ನು ಸಂತೆಗೆ ಹೊಡೆದರೆ ಇನ್ನೊಬ್ಬ ಕುರಿಗಾರನ ಹಟ್ಟಿಗೆ ರೋಗ ಕಳಿಸಿದಂತೆ. ಔಷಧದ ಅವಧಿ ಮುಗಿದ ಮೇಲೆ ನೇರ ಮಾಂಸದವರಿಗೆ ಕೊಡಿ, ನಾಲ್ಕು ಕಾಸು ಕಡಿಮೆ ಬಂದರೂ ಪರವಾಗಿಲ್ಲ.